ಪ್ರತಿ ಮಾಡುವ ವಿದ್ಯೆ, ಪ್ರತಿ ಮಾಡುವ ಅನುಮತಿ

ತಾಳೆಗರಿಯ ಮೇಲೆ ಕಂಟದಿಂದ ಅಕ್ಷರ ಕೊರೆಯುತ್ತಿದ್ದ ಲಿಪಿಕಾರನಿಗೂ ಗಣಕಯಂತ್ರದ ಮುಂದೆ ಕುಳಿತು ತಂತ್ರಾಂಶ ರಚಿಸುವ ಇಂದಿನ ತರುಣನಿಗೂ ನಡುವೆ ಸಾವಿರ ವರ್ಷಗಳ ಅಂತರವಿದೆ. ಆದರೂ ಇಬ್ಬರ ಕಸುಬಿನ ಬುಡದಲ್ಲಿರುವುದು ಒಂದೇ ಕ್ರಿಯೆ. ಮತ್ತೊಬ್ಬರು ರಚಿಸಿದ್ದನ್ನು ಪ್ರತಿ ಮಾಡಿಕೊಳ್ಳುವುದು, ಅದಕ್ಕೆ ತನ್ನದನ್ನು ಸೇರಿಸುವುದು, ಮೂರನೆಯವರ ಕೈಗೆ ಒಪ್ಪಿಸುವುದು. ಈ ಕ್ರಿಯೆಯಲ್ಲಿ ಎರಡು ಪ್ರಶ್ನೆಗಳು ಅಡಗಿವೆ: ಹೇಗೆ ಮಾಡಬೇಕು ಎಂಬುದು ಒಂದು, ಮಾಡಬಹುದೇ ಎಂಬುದು ಇನ್ನೊಂದು. ತಂತ್ರಾಂಶ ರಚಿಸುವವರ ಬಳಗಗಳಲ್ಲಿ ಒಂದು ಅಭಿಪ್ರಾಯ ಬಲವಾಗಿದೆ. ಮೊದಲನೆಯ ಪ್ರಶ್ನೆಯನ್ನು ಮಾತ್ರ ತಮ್ಮಲ್ಲಿ ಕೇಳಬೇಕು; ಎರಡನೆಯದು, ಎಂದರೆ ಪರವಾನಗಿಯ ಪ್ರಶ್ನೆ, ವಕೀಲರಿಗೆ ಸೇರಿದ್ದು, ಕುಶಲಕರ್ಮಿಗಳ ಸಭೆಯಲ್ಲಿ ಅದಕ್ಕೆ ಎಡೆಯಿರಬಾರದು ಎಂದು. ಸಮಾಜದ ಅನೇಕ ಮನೆಗಳ ಮಕ್ಕಳು ಇಂದು ಇದೇ ವೃತ್ತಿಯಲ್ಲಿದ್ದಾರೆ. ಬಸದಿಗಳ ಆಡಳಿತ ಮಂಡಳಿಗಳೂ ಸ್ಮರಣ ಸಂಚಿಕೆಯಿಂದ ಹಿಡಿದು ಹಸ್ತಪ್ರತಿಗಳ ಛಾಯಾಚಿತ್ರಗಳವರೆಗೆ ಎಲ್ಲವನ್ನೂ ಗಣಕಯಂತ್ರಕ್ಕೆ ಒಪ್ಪಿಸಿವೆ. ಆದ್ದರಿಂದ ಈ ಅಭಿಪ್ರಾಯ ಎಷ್ಟರಮಟ್ಟಿಗೆ ಸರಿಯೆಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗದು. ಪುಲಿಗೆರೆ-ಲಕ್ಕುಂಡಿಗಳ ನೆಲದ ಚರಿತ್ರೆಗೆ ಈ ವಿಷಯದಲ್ಲಿ ಹೇಳುವುದು ಸಾಕಷ್ಟಿದೆ.

ಮೊದಲಿಗೆ ಕಲ್ಲಿನ ಮಾತು. ಈ ಭಾಗದ ದಾನಶಾಸನವೊಂದನ್ನು ಓದಿದವರಿಗೆ ಅದರ ಕ್ರಮ ಪರಿಚಿತ. ದಾತೃ ಯಾರು, ಪ್ರತಿಗ್ರಹಿಸಿದ ಆಚಾರ್ಯರು ಯಾವ ಗಣದವರು, ಭೂಮಿಯ ಎಲ್ಲೆಗಳು ಯಾವುವು, ತೆರಿಗೆಯಿಂದ ಮುಕ್ತವಾದ ಸರ್ವನಮಸ್ಯವೋ ಅಲ್ಲವೋ, ಫಲವು ಬಸದಿಯ ಜೀರ್ಣೋದ್ಧಾರಕ್ಕೋ ಋಷಿಯರ ಆಹಾರದಾನಕ್ಕೋ, ಅಳುಪಿದವರಿಗೆ ಪಾಪವೇನು ಎಂಬುದೆಲ್ಲ ಅಲ್ಲಿ ಉಕ್ತವಾಗಿರುತ್ತದೆ. ಕೊಟ್ಟದ್ದು ಎಷ್ಟು, ಯಾವುದಕ್ಕೆ, ಯಾವ ಷರತ್ತಿನ ಮೇಲೆ ಎಂಬುದನ್ನು ಬಿಟ್ಟರೆ ಶಾಸನದಲ್ಲಿ ಉಳಿಯುವುದು ಪ್ರಶಸ್ತಿಯಷ್ಟೆ. ಇಂದು ತಂತ್ರಾಂಶದ ಜೊತೆಯಲ್ಲಿ ಬರುವ ಪರವಾನಗಿ ಪತ್ರವೂ ಸ್ವರೂಪದಲ್ಲಿ ಇದೇ. ಕರ್ತೃವು ತನ್ನ ಕೃತಿಯನ್ನು ಇತರರು ಹೇಗೆ ಬಳಸಬಹುದು, ತಿದ್ದಬಹುದು, ಹಂಚಬಹುದು ಎಂಬುದನ್ನು ಬರೆದಿಟ್ಟ ಮರ್ಯಾದೆಯ ಪತ್ರ ಅದು.

ಲಕ್ಷ್ಮೇಶ್ವರದಲ್ಲಿ ದೊರೆತ, ಸುಮಾರು ಕ್ರಿ.ಶ. 725ರ ಒಂದು ಶಾಸನವನ್ನು ವಿದ್ವಾಂಸರು ಆಚಾರವ್ಯವಸ್ಥೆಯೆಂದು ಕರೆಯುತ್ತಾರೆ. ಬಾದಾಮಿ ಚಾಲುಕ್ಯ ವಿಜಯಾದಿತ್ಯನ ಆಳ್ವಿಕೆಯಲ್ಲಿ ಯುವರಾಜ ವಿಕ್ರಮಾದಿತ್ಯನು ಪೊರಿಗೆರೆಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ನೀಡಿದ ವ್ಯವಸ್ಥೆ ಅದು. ರಾಜಪುರುಷರು ಊರಿನವರೊಡನೆ ಹೇಗೆ ನಡೆದುಕೊಳ್ಳಬೇಕು, ಊರಿನವರು ಸಲ್ಲಿಸಬೇಕಾದುದೇನು ಎಂಬ ಪರಸ್ಪರ ಬಾಧ್ಯತೆಗಳು ಅದರಲ್ಲಿ ನಿರೂಪಿತವಾಗಿವೆ. ನಿಯಮವನ್ನು ಅಧಿಕಾರಿಗಳ ಪೆಟ್ಟಿಗೆಯಲ್ಲಿ ಇಡದೆ, ಅದಕ್ಕೆ ಒಳಪಡುವ ಕಸುಬುದಾರರ ಕಣ್ಣಿಗೆ ಬೀಳುವಂತೆ ಕಲ್ಲಿಗೆ ಏರಿಸಿದರೆಂಬುದು ಇಲ್ಲಿ ಗಮನಾರ್ಹ.

ಅದೇ ಲಕ್ಷ್ಮೇಶ್ವರದ ಇನ್ನೊಂದು ಶಿಲಾಫಲಕ ಇನ್ನೂ ಸ್ವಾರಸ್ಯಕರ. ಗಂಗ ಮಾರಸಿಂಹನ ಕ್ರಿ.ಶ. 968ರ ದಾನದೊಡನೆ, ಶಂಖ ಬಸದಿಯನ್ನೂ ಧವಲ ಜಿನಾಲಯವನ್ನೂ ಜೀರ್ಣೋದ್ಧಾರಗೊಳಿಸಿದ ಇಮ್ಮಡಿ ವಿಕ್ರಮಾದಿತ್ಯನ ಕ್ರಿ.ಶ. 734ರ ದಾನವೂ ಅದರ ಮೇಲೆ ಇದೆ. ಹಳೆಯ ದಾನದ ಅಕ್ಷರಗಳು ಮಾತ್ರ ಹಳೆಯವಲ್ಲ. ನಂತರದ ಕಾಲದ ಲಿಪಿಯಲ್ಲಿ ಅದನ್ನು ಪ್ರತಿ ಮಾಡಲಾಗಿದೆ. ಈ ಕಾರಣದಿಂದಲೇ ಶಾಸನತಜ್ಞ ಫ್ಲೀಟರು ಅದರ ಪ್ರಾಮಾಣ್ಯವನ್ನು ಶಂಕಿಸಿದರು. ಶಂಕೆಯನ್ನು ಬದಿಗಿಟ್ಟರೂ ಒಂದು ಸಂಗತಿ ಸ್ಪಷ್ಟ. ಆಸ್ತಿಗಿಂತ ಆಸ್ತಿಯ ಷರತ್ತು ಬೇಗ ಅಳಿಯುತ್ತದೆಂಬ ಭಯ ಬಸದಿಯನ್ನು ನೋಡಿಕೊಳ್ಳುತ್ತಿದ್ದವರಿಗೆ ಇತ್ತು. ಆದ್ದರಿಂದಲೇ ಇನ್ನೂರು ವರ್ಷ ಹಿಂದಿನ ದಾನದ ಮಾತುಗಳನ್ನು ಹುಡುಕಿ ಒಂದೇ ಕಲ್ಲಿನ ಮೇಲೆ ಒಟ್ಟುಗೂಡಿಸಿದರು.

ಗದಗಿನಿಂದ ಸುಮಾರು 12 ಕಿಲೋಮೀಟರ್ ದೂರದ ಲಕ್ಕುಂಡಿಯ ಹೆಸರು ಬಂದೊಡನೆ ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪು ತಾನಾಗಿ ಬರುತ್ತದೆ. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಆಕೆ ಶಾಸ್ತ್ರದಾನ ಮಾಡಿದಳೆಂಬುದನ್ನು ಸಮಾಜದ ಮಕ್ಕಳೂ ಬಲ್ಲರು. ಆದರೆ ಅಷ್ಟಾಗಿ ಯಾರೂ ಎತ್ತಿ ಹೇಳದ ಒಂದು ಅಂಶವುಂಟು. ಆ ಪುರಾಣವನ್ನು ಪೊನ್ನನಿಂದ ಬರೆಯಿಸಿದವರು ಬೇರಾರೂ ಅಲ್ಲ, ಅತ್ತಿಮಬ್ಬೆಯ ತಂದೆ ಮಲ್ಲಪ್ಪ ಮತ್ತು ಆತನ ಸೋದರ ಪುನ್ನಮಯ್ಯ. ತಮ್ಮ ಗುರುಗಳಾದ ಜಿನಚಂದ್ರರ ಸ್ಮರಣೆಗಾಗಿ ಅವರು ಬರೆಯಿಸಿದ ಕೃತಿ ಅದು. ಎಂದರೆ ತನ್ನ ಮನೆತನವೇ ಪೋಷಿಸಿ ಹುಟ್ಟಿಸಿದ ಕೃತಿಯನ್ನು ಮಗಳು ಸಾವಿರ ಮಾಡಿ ಲೋಕಕ್ಕೆ ಬಿಟ್ಟಳು. ಅಂದು ಹಕ್ಕುಸ್ವಾಮ್ಯವೆಂಬ ಕಾನೂನು ಇರಲಿಲ್ಲವೆಂಬುದು ನಿಜ. ಕೊಡುವ ಅಧಿಕಾರದ ಬಗ್ಗೆ ಎಳ್ಳಷ್ಟೂ ಸಂದೇಹ ಹುಟ್ಟದ ಸ್ಥಾನದಲ್ಲಿ ನಿಂತು ಆಕೆ ಕೊಟ್ಟಳೆಂಬುದೂ ಅಷ್ಟೇ ನಿಜ. ಉಚಿತವಾಗಿ ಕೊಡುವುದು ಸುಲಭ. ಕೊಡುವ ಅಧಿಕಾರ ತನಗಿದೆಯೆಂದು ತಿಳಿದು ಕೊಡುವುದು ಬೇರೆ ಮಾತು.

ಲಿಪಿಕಾರನೂ ತನ್ನ ಪಾಲಿನ ಷರತ್ತನ್ನು ಬರೆಯದೆ ಬಿಡುತ್ತಿರಲಿಲ್ಲ. ಬರೆಯಿಸಿದವರು ಯಾರು, ಯಾರಿಗಾಗಿ, ಯಾವ ಸಂವತ್ಸರದ ಯಾವ ತಿಥಿಯಲ್ಲಿ ಎಂಬ ಒಕ್ಕಣೆಯ ಜೊತೆಗೆ, ಎಣ್ಣೆಯಿಂದಲೂ ನೀರಿನಿಂದಲೂ ಸಡಿಲ ಕಟ್ಟಿನಿಂದಲೂ ಗ್ರಂಥವನ್ನು ಕಾಪಾಡಬೇಕೆಂಬ ವಿನಂತಿ ಓಲೆಕಟ್ಟಿನ ಕೊನೆಯಲ್ಲಿ ಬರುವುದು ವಾಡಿಕೆ.

ಈ ಎರಡು ಪ್ರಶ್ನೆಗಳನ್ನು ಒಂದರಿಂದೊಂದು ಬೇರ್ಪಡಿಸಿದಾಗ ಏನಾಗುತ್ತದೆಂಬುದಕ್ಕೆ ಮಾತ್ರ ಈ ಸೀಮೆಯನ್ನು ಬಿಟ್ಟು ಘಟ್ಟದ ಕೆಳಗೆ ಮೂಡಬಿದಿರೆಗೆ ಹೋಗಬೇಕು. ವೀರಸೇನಾಚಾರ್ಯರ ಧವಲ ಮತ್ತು ಅದರ ಜೊತೆಯ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಯಾತ್ರಿಕರು ದೂರದಿಂದ ದರ್ಶನ ಪಡೆದು ಮರಳುತ್ತಿದ್ದರು. ಗರಿಗಳು ಜೀರ್ಣವಾಗುತ್ತಿರುವುದನ್ನು ಕಂಡು ಮುಂಬಯಿಯ ಸೇಠ್ ಮಾಣಿಕಚಂದ್, ಸೊಲ್ಲಾಪುರದ ಹೀರಾಚಂದ್ ನೇಮಚಂದ್ ಮೊದಲಾದ ಶ್ರಾವಕರು ಪ್ರತಿ ಮಾಡಿಸಲು ಮುಂದಾದರು. 1896ರ ಸುಮಾರಿಗೆ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಮತ್ತು ಮಿರಜಿನ ಗಜಪತಿ ಶಾಸ್ತ್ರಿಗಳಿಂದ ಕೆಲಸ ಆರಂಭವಾಯಿತು. ಬ್ರಹ್ಮಸೂರಿ ಶಾಸ್ತ್ರಿಗಳು ಕೆಲಸ ಮುಗಿಯುವ ಮೊದಲೇ ತೀರಿಕೊಂಡರು. ಗಜಪತಿ ಶಾಸ್ತ್ರಿಗಳು ಮುಂದುವರಿಸಿದರು. ಆದರೆ ಹೊಸ ಪ್ರತಿಗಳೂ ಮೂಡಬಿದಿರೆಯನ್ನು ಬಿಟ್ಟು ಹೊರಗೆ ಹೋಗಬಾರದೆಂಬುದು ಅಲ್ಲಿಯವರ ನಿಬಂಧನೆಯಾಗಿತ್ತು.

ಆ ನಿಬಂಧನೆಯನ್ನು ಇಂದು ಹಳಿಯುವುದು ಸುಲಭ. ಶತಮಾನಗಳ ಕಾಲ ಗರಿಯೊಂದೂ ಕಳೆಯದಂತೆ ಕಾದವರ ಆತಂಕವನ್ನು ಮರೆಯಬಾರದು. ಸಿದ್ಧಾಂತ ಗ್ರಂಥಗಳ ಅಧ್ಯಯನಕ್ಕೆ ಗೃಹಸ್ಥರಿಗೆ ಅಧಿಕಾರವುಂಟೇ ಎಂಬ ವಿವಾದವೂ ಅಂದು ಜೀವಂತವಾಗಿತ್ತು. ಇತ್ತ ಗಜಪತಿ ಶಾಸ್ತ್ರಿಗಳು, ವಿದುಷಿಯಾದ ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ, ಗುಪ್ತವಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಸಿದ್ಧಪಡಿಸಿದರು. ಅದು ಕೊನೆಗೆ ಸಹಾರನಪುರದ ಲಾಲಾ ಜಂಬುಪ್ರಸಾದರ ಕೈಸೇರಿತು. ಅಲ್ಲಿ ಅದನ್ನು ನಾಗರಿಗೆ ಇಳಿಸಿದ ಸೀತಾರಾಮ ಶಾಸ್ತ್ರಿಗಳು ತಮಗೊಂದು ಪ್ರತಿ ಉಳಿಸಿಕೊಂಡರು. ಅದರಿಂದ ಆರಾ, ಕಾರಂಜಾ ಮೊದಲಾದೆಡೆಗೆ ಪ್ರತಿಗಳು ಹರಡಿದವು. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಅಮರಾವತಿಯಿಂದ ಮೊದಲ ಸಂಪುಟ ಹೊರಬಂದದ್ದು ಇಂಥ ಪ್ರತಿಯ ಪ್ರತಿಗಳ ಆಧಾರದ ಮೇಲೆ. ಪ್ರಕಟಣೆ ಆರಂಭವಾದ ಮೇಲೆ ಮೂಡಬಿದಿರೆಯವರೂ ಮನಸ್ಸು ಬಿಚ್ಚಿ ಮೂಲದೊಡನೆ ಹೋಲಿಸಿ ನೋಡಲು ನೆರವಾದರು. ಹಿಂದಿನ ಸಂಪುಟಗಳ ಪಾಠಗಳನ್ನು ಆಮೇಲೆ ತಿದ್ದಬೇಕಾಯಿತು.

ಗಜಪತಿ ಶಾಸ್ತ್ರಿಗಳದು ಶಾಸ್ತ್ರದಾನವೋ ಅದತ್ತಾದಾನವೋ? ಉಮಾಸ್ವಾಮಿಗಳು ಅಚೌರ್ಯಾಣುವ್ರತಕ್ಕೆ ಹೇಳಿದ ಅತಿಚಾರಗಳು ಐದು: ಸ್ತೇನಪ್ರಯೋಗ, ತದಾಹೃತಾದಾನ, ವಿರುದ್ಧರಾಜ್ಯಾತಿಕ್ರಮ, ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರ. ಗದಗ ತಾಲೂಕಿನ ಮುಳಗುಂದದ ನಯಸೇನನು 1112ರಲ್ಲಿ ರಚಿಸಿದ ಧರ್ಮಾಮೃತದಲ್ಲಿ ಅಣುವ್ರತಗಳನ್ನು ಕಥೆಗಳ ಮೂಲಕ ಮನೆಮನೆಗೆ ಮುಟ್ಟಿಸಿದ್ದು ಈ ಸೀಮೆಗೆ ಹೆಮ್ಮೆಯ ಸಂಗತಿ. ತಾನು ಕದಿಯದೆ ಇನ್ನೊಬ್ಬನಿಗೆ ಕದಿಯುವ ದಾರಿ ತೋರುವುದೂ ದೋಷ, ಕದ್ದು ತಂದದ್ದನ್ನು ಕೊಳ್ಳುವುದೂ ದೋಷ. ಅಕ್ಷರಶಃ ಹಿಡಿದರೆ ಅಮರಾವತಿಯ ಸಂಪುಟವನ್ನು ಕೊಂಡ ಶ್ರಾವಕನೂ ತೊಡಕಿನಲ್ಲಿ ಬೀಳುತ್ತಾನೆ. ಹಾಗೆಂದು ತೀರ್ಪು ಕೊಡಲು ಯಾರ ನಾಲಿಗೆಯೂ ಏಳದು, ಏಕೆಂದರೆ ಆ ಪ್ರತಿ ಹೊರಬರದಿದ್ದರೆ ಪ್ರಕಟಣೆ ಇನ್ನೆಷ್ಟು ಕಾಲ ತಡೆಯುತ್ತಿತ್ತೋ. ಇಲ್ಲಿ ಹೇಳಬಹುದಾದುದು ಇಷ್ಟು. ಗ್ರಂಥ ಯಾರದು, ಪ್ರತಿ ಯಾರಿಗೆ, ಯಾವ ಕಟ್ಟಳೆಯ ಮೇಲೆ ಎಂಬುದನ್ನು ಬರೆಯಿಸಿದವರೂ ಕಾದವರೂ ಬರೆದವರೂ ಕೂಡಿ ಕುಳಿತು ಬಗೆಹರಿಸಿಕೊಳ್ಳಲಿಲ್ಲ. ಬರೆಯುವವನ ಕೆಲಸ ಬರೆಯುವುದಷ್ಟೇ ಎಂದುಕೊಂಡರು. ಆ ಪ್ರಶ್ನೆ ಸಭೆಯಿಂದ ಹೊರಬಿದ್ದು ಒಂದು ಮನೆಯ ಒಳಕೋಣೆಯಲ್ಲಿ ಗಂಡಹೆಂಡಿರಿಬ್ಬರ ಮೇಲೆ ಬಿದ್ದಿತು.

ತಂತ್ರಾಂಶದ ಚರಿತ್ರೆಯಲ್ಲಿ ಇದೇ ಕಥೆ ಬೇಗ ಬೇಗ ನಡೆದುಹೋಯಿತು. 1976ರ ಫೆಬ್ರುವರಿ 3ರಂದು ಬಿಲ್ ಗೇಟ್ಸ್ ಎಂಬ ಇಪ್ಪತ್ತರ ತರುಣ ಅಮೆರಿಕದ ಗಣಕಯಂತ್ರ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು, ತನ್ನ ಬೇಸಿಕ್ ತಂತ್ರಾಂಶವನ್ನು ಹೆಚ್ಚಿನವರು ಹಣ ಕೊಡದೆ ಪ್ರತಿ ಮಾಡಿಕೊಂಡಿರುವುದು ಕಳ್ಳತನವೆಂದು ದೂರಿದ. ಪತ್ರದಿಂದ ಹವ್ಯಾಸಿಗಳಲ್ಲಿ ಕೋಪವೂ ಚರ್ಚೆಯೂ ಎದ್ದವು. ಅದೇ ವರ್ಷ ಅವರಲ್ಲಿಯೇ ಕೆಲವರು ಚಿಕ್ಕದೊಂದು ಬೇಸಿಕ್ಕನ್ನು ತಾವೇ ರಚಿಸಿ, ಯಾರು ಬೇಕಾದರೂ ಪ್ರತಿ ಮಾಡಿಕೊಳ್ಳಿರೆಂದು ಹಂಚಿದರು. ಮುಂದೆ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿ, 1989ರಲ್ಲಿ ಜನರಲ್ ಪಬ್ಲಿಕ್ ಲೈಸೆನ್ಸ್ ಎಂಬ ಪರವಾನಗಿಯನ್ನು ಪ್ರಕಟಿಸಿದ. ಅದರ ಸಾರ ಸರಳ: ತನ್ನ ಮನೆಯೊಳಗೆ ಬಳಸಿ ತಿದ್ದಿಕೊಳ್ಳುವವನಿಗೆ ಯಾವ ಬಾಧ್ಯತೆಯೂ ಇಲ್ಲ, ಇನ್ನೊಬ್ಬರಿಗೆ ಹಂಚುವವನು ಮಾತ್ರ ಮೂಲ ಆಕರವನ್ನೂ ಅದೇ ಸ್ವಾತಂತ್ರ್ಯವನ್ನೂ ಜೊತೆಗೆ ಕೊಡಬೇಕು. ಇದನ್ನು ಮೊದಲು ಕಲ್ಪಿಸಿದವನು ವಕೀಲನಲ್ಲ, ಪ್ರೋಗ್ರಾಮ್ ಬರೆಯುವವನು. 1997ರಲ್ಲಿ ಯಾವ ಪರವಾನಗಿಯನ್ನು ಮುಕ್ತವೆನ್ನಬಹುದೆಂಬುದಕ್ಕೆ ಡೆಬಿಯನ್ ಬಳಗ ಲಕ್ಷಣಗಳನ್ನು ಗೊತ್ತುಪಡಿಸಿತು. ಅದೂ ಕುಶಲಕರ್ಮಿಗಳ ಸಭೆಯೇ.

ಕನ್ನಡದ ಮಟ್ಟಿಗೂ ಪಾಠವುಂಟು. 1998ರಲ್ಲಿ ಶೇಷಾದ್ರಿವಾಸು ಅವರು ಬರಹ ತಂತ್ರಾಂಶವನ್ನು ಉಚಿತವಾಗಿ ನೀಡಿದಾಗ, ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ಬಂದಾಗ, ಗದಗ-ಬೆಟಗೇರಿಯಂಥ ಮುದ್ರಣಕ್ಕೆ ಹೆಸರಾದ ಊರಿನಲ್ಲಿ ಅವು ಎಷ್ಟು ಉಪಕಾರಕವಾದುವೆಂಬುದನ್ನು ವಿವರಿಸಬೇಕಾಗಿಲ್ಲ. ಬರಹದ ಮುಂದಿನ ಆವೃತ್ತಿಗಳಿಗೆ ಬೆಲೆ ಗೊತ್ತಾಯಿತು. ಕರ್ತೃವಿಗೆ ಆ ಹಕ್ಕು ಪೂರ್ಣವಾಗಿ ಇತ್ತು. ಬೆಲೆಯಿಲ್ಲದ್ದನ್ನು ಬಂಧನವಿಲ್ಲದ್ದೆಂದು ತಿಳಿದದ್ದು ಪಡೆದವರ ತಪ್ಪು. ಉಚಿತ ಮತ್ತು ಮುಕ್ತ ಎಂಬ ಎರಡು ಮಾತುಗಳ ಭೇದವನ್ನು ಮೊದಲೇ ವಿವರಿಸಿ ಹೇಳಬಲ್ಲವರಾಗಿದ್ದವರು ತಂತ್ರಜ್ಞರು ಮಾತ್ರ. ಅಕ್ಷರಶೈಲಿಗಳ ವಿಷಯದಲ್ಲಿಯೂ ಇದೇ ಭೇದ. ಲೋಹಿತ್ ಕನ್ನಡ ಅಕ್ಷರಶೈಲಿ 2011ರಿಂದ ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿದೆ. ಆ ಪರವಾನಗಿಯ ಪ್ರಕಾರ ಪುಸ್ತಕ ಮುದ್ರಿಸಬಹುದು, ಕಡತದೊಳಗೆ ಸೇರಿಸಬಹುದು, ತಿದ್ದಬಹುದು; ಅಕ್ಷರಶೈಲಿಯೊಂದನ್ನೇ ಬೇರೆಯಾಗಿ ಮಾರುವಂತಿಲ್ಲ, ಕರ್ತೃ ಕಾಯ್ದಿರಿಸಿದ ಹೆಸರಿದ್ದರೆ ತಿದ್ದಿದ್ದಕ್ಕೆ ಅದೇ ಹೆಸರಿಡುವಂತಿಲ್ಲ. ಕೊನೆಯ ಈ ಷರತ್ತನ್ನು ಪ್ರತಿರೂಪಕವ್ಯವಹಾರದ ನಿಷೇಧವೆಂದರೆ ಶ್ರಾವಕರಿಗೆ ಕೂಡಲೇ ಅರ್ಥವಾದೀತು.

ಪರವಾನಗಿಯ ಪ್ರಶ್ನೆ ಬೇಡವೆನ್ನುವವರ ಆಕ್ಷೇಪಣೆಗಳು ಹುರುಳಿಲ್ಲದವಲ್ಲ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಅರೆತಿಳಿವಿನ ಉತ್ತರವನ್ನು ನಂಬಿ ಒಬ್ಬನು ನಷ್ಟಕ್ಕೊಳಗಾದರೆ ಹೊಣೆ ಯಾರದು ಎಂದು ಅವರು ಕೇಳುತ್ತಾರೆ. ಮೊದಲನೆಯದಕ್ಕೆ ಈ ಸೀಮೆಯ ಹಿರಿಯರೇ ಉತ್ತರ ಹೇಳಬಲ್ಲವರಾಗಿದ್ದರು. ಸ್ವಾತಂತ್ರ್ಯಪೂರ್ವದಲ್ಲಿ ಗದಗ, ಮುಂಡರಗಿಗಳು ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು. ಒಂದು ದಿನದ ಬಂಡಿಯ ದಾರಿಯಲ್ಲಿ ಮೂರು ಆಡಳಿತಗಳು. ಅರಳೆಯನ್ನೂ ಧಾನ್ಯವನ್ನೂ ಸಾಗಿಸುವ ವರ್ತಕನು ಯಾವ ಊರಿನಲ್ಲಿ ಯಾವ ಕಟ್ಟಳೆಯೆಂಬುದನ್ನು ಪೇಟೆಯಲ್ಲಿಯೇ ಅರಿಯದೆ ಬಂಡಿ ಹೂಡುವಂತಿರಲಿಲ್ಲ. ಕಟ್ಟಳೆ ಬೇರೆ ಬೇರೆಯಾದಷ್ಟೂ ಕೇಳಿ ತಿಳಿಯಬೇಕಾದ ಅಗತ್ಯ ಹೆಚ್ಚುತ್ತದೆ.

ಎರಡನೆಯದಕ್ಕೆ ಗದಗ ತಾಲೂಕಿನ ಕಣಗಿನಹಾಳವನ್ನು ನೆನೆಯಬೇಕು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ, 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ಅಲ್ಲಿ ಸಂಘ ಹುಟ್ಟಿತು. ಆ ಕಾಯಿದೆಯ ಮೇರೆಗೆ ಗ್ರಾಮೀಣ ಸಂಘದ ಸದಸ್ಯರ ಹೊಣೆ ಅಪರಿಮಿತ. ಸಂಘದ ಸಾಲಕ್ಕೆ ಪ್ರತಿಯೊಬ್ಬನ ಹೊಲಮನೆಯೂ ಈಡು. ರೈತರು ವಕೀಲರಲ್ಲ, ಆದರೂ ನಿಯಮಾವಳಿ ತಮ್ಮ ಮಾತಲ್ಲವೆಂದು ಅವರಾರೂ ಹೇಳುವಂತಿರಲಿಲ್ಲ. ಹತ್ತು ಜನ ಕೂಡಿ ಕಟ್ಟುವ ತಂತ್ರಾಂಶವೂ ಅಂಥದೇ. ಒಬ್ಬನು ಅನುಮತಿಯಿಲ್ಲದೆ ಎತ್ತಿ ಸೇರಿಸಿದ ಒಂದು ತುಣುಕಿನಿಂದ ಒಂಬತ್ತು ಜನರ ದುಡಿಮೆಯೂ ಕಟ್ಟಿಬೀಳುತ್ತದೆ. ಭಾರತದಲ್ಲಿ 1957ರ ಹಕ್ಕುಸ್ವಾಮ್ಯ ಕಾಯಿದೆಗೆ 1984ರಲ್ಲಿ ಆದ ತಿದ್ದುಪಡಿಯಿಂದ ಗಣಕ ಪ್ರೋಗ್ರಾಮಿಗೂ ಸಾಹಿತ್ಯಕೃತಿಯ ರಕ್ಷಣೆ ದೊರೆತಿದೆ. ಉಲ್ಲಂಘಿತ ಪ್ರತಿಯನ್ನು ತಿಳಿದೂ ಬಳಸುವುದು 1994ರ ತಿದ್ದುಪಡಿಯ ಬಳಿಕ ಶಿಕ್ಷಾರ್ಹ ಅಪರಾಧ.

ನ್ಯಾಯಾಲಯದಲ್ಲಿ ಯಾರು ಗೆಲ್ಲುವರೆಂಬುದನ್ನು ತಂತ್ರಜ್ಞರ ಬಳಗ ಹೇಳಲಾರದು, ಹೇಳಲೂಬಾರದು. ಆ ಪ್ರಶ್ನೆಯನ್ನು ವಿನಯದಿಂದ ವಕೀಲರ ಕಡೆಗೆ ಕಳುಹಿಸುವುದೇ ಸರಿ. ಆದರೆ ಒಂದು ತಂತ್ರಾಂಶ ಇನ್ನೊಂದನ್ನು ತನ್ನೊಳಗೆ ಪ್ರತಿ ಮಾಡಿಕೊಳ್ಳುತ್ತದೆಯೋ ಅಥವಾ ಹೊರಗೆ ಇಟ್ಟು ಕರೆಯುತ್ತದೆಯೋ, ಕಡತದೊಡನೆ ಅಕ್ಷರಶೈಲಿಯೂ ಹೋಗುತ್ತದೆಯೋ ಇಲ್ಲವೋ, ಎರಡು ಪರವಾನಗಿಗಳ ಷರತ್ತುಗಳು ಒಂದೇ ಕೃತಿಯಲ್ಲಿ ಬೆರೆಯಬಲ್ಲವೇ ಎಂಬುದು ವಕೀಲನಿಗೆ ತಾನಾಗಿ ತಿಳಿಯುವುದಿಲ್ಲ. ಅವನೂ ತಂತ್ರಜ್ಞನನ್ನೇ ಕೇಳಬೇಕು. ಈ ಪ್ರಶ್ನೆಗಳಿಗೆ ಬಾಗಿಲು ಹಾಕಿದ ಬಳಗ ತನ್ನ ಕಸುಬಿನ ಒಂದು ಭಾಗಕ್ಕೇ ಬಾಗಿಲು ಹಾಕಿದಂತೆ.

ಬಸದಿಗಳ ಆಡಳಿತ ಮಂಡಳಿಗಳಿಗೆ ಇದು ದೂರದ ಮಾತಲ್ಲ. ಪೊನ್ನ, ರನ್ನ, ನಯಸೇನರ ಕೃತಿಗಳ ಮೇಲೆ ಇಂದು ಯಾರಿಗೂ ಹಕ್ಕುಸ್ವಾಮ್ಯವಿಲ್ಲ. ಆದರೆ ಆಧುನಿಕ ಸಂಪಾದಕರು ಬರೆದ ಪೀಠಿಕೆ, ಅನುವಾದ, ಟಿಪ್ಪಣಿಗಳ ಮೇಲೆ ಅವರ ನಿಧನಾನಂತರ 60 ವರ್ಷ ಹಕ್ಕಿರುತ್ತದೆ; ಛಾಯಾಚಿತ್ರಕ್ಕೂ ಅದನ್ನು ತೆಗೆದವರ ನಿಧನಾನಂತರ 60 ವರ್ಷ. ನಿರಂಜನರ ಕೃತಿಗಳನ್ನು ಅವರ ಕುಟುಂಬದವರು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದರು. ಹಕ್ಕುಳ್ಳವರೇ ಬರೆದುಕೊಟ್ಟದ್ದರಿಂದ ಓದುಗನಿಗೆ ಅಲ್ಲಿ ಸಂಶಯವಿಲ್ಲ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಯಾವುದೇ ಮನೆಯಲ್ಲಿ ಓಲೆಕಟ್ಟೊಂದು ಉಳಿದಿದ್ದು ಅದರ ಚಿತ್ರ ತೆಗೆಯಲು ತರುಣರು ಹೋದಾಗ, ಚಿತ್ರಗಳು ಯಾರ ವಶದಲ್ಲಿರುತ್ತವೆ, ಯಾರು ನೋಡಬಹುದು, ಯಾರು ಮುದ್ರಿಸಬಹುದು ಎಂಬುದನ್ನು ಮನೆಯವರೊಡನೆ ಕುಳಿತು ಬರೆದುಕೊಂಡು, ಆ ಬರಹವನ್ನು ಚಿತ್ರಗಳಿರುವ ಕಡತದಲ್ಲಿಯೇ ಇಡತಕ್ಕದ್ದು. ಕೊನೆಯ ಗರಿಯ ಚಿತ್ರವನ್ನೂ ಮರೆಯದೆ ತೆಗೆಯಬೇಕು. ಅದರಲ್ಲಿ ಗ್ರಂಥದ ಮಾತು ಇರುವುದಿಲ್ಲವೆಂದು ಬಿಡುವುದು ಸಹಜ. ಬರೆಯಿಸಿದವರ ಹೆಸರೂ ಯಾರಿಗೆ ಕೊಟ್ಟರೆಂಬುದೂ ಇರುವುದು ಅಲ್ಲಿಯೇ.